‘ಫ್ರೀ’ ಮತ್ತು ‘ಪ್ರಿಯ’ ನಿಜಕ್ಕೂ ಒಂದೇ ಬೇರಿನವೇ?

ಪ್ರಶ್ನೆ: ಇಂಗ್ಲಿಷಿನ ‘ಫ್ರೀ’ ಮತ್ತು ನಮ್ಮ ‘ಪ್ರಿಯ’ ಒಂದೇ ಮೂಲದಿಂದ ಬಂದವು ಅಂತ ಒಂದು ಕಡೆ ಓದಿದೆ. ಸದ್ದು ಹತ್ತಿರ ಇದೆ ಅಂತ ಸುಮ್ನೆ ಕಟ್ಟಿದ ಕಥೆಯೋ, ನಿಜವೋ? ನಿಜವಾದರೆ ಪ್ರೀತಿಗೂ ಸ್ವಾತಂತ್ರ್ಯಕ್ಕೂ ಏನು ನಂಟು? ಬರವಣಿಗೆಯೇ ಇಲ್ಲದ ಕಾಲದ ಪದಗಳನ್ನು ನಕ್ಷತ್ರ ಚಿಹ್ನೆ ಹಾಕಿ ಬರೆಯುತ್ತಾರಲ್ಲ, ಅದನ್ನು ನಂಬುವುದು ಹೇಗೆ? ‘ಫ್ರೈಡೇ’ ಕೂಡ ಇದೇ ಮನೆತನದ್ದಾ?

ಉತ್ತರ: ನಿಜ. ಎರಡೂ ಒಂದೇ ಬೇರಿನವು. ಇದರಲ್ಲಿ ಭಾಷಾ ವಿದ್ವಾಂಸರಿಗೆ ದೊಡ್ಡ ತಕರಾರೇನೂ ಇಲ್ಲ. ತಕರಾರು ಇರುವುದು ಅರ್ಥ ಬದಲಾದ ಬಗೆಯಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಸಣ್ಣ ತಿದ್ದುಪಡಿ. ‘ನಮ್ಮ ಪ್ರಿಯ’ ಅಂದಿದ್ದೀರಿ. ಬಳಕೆಯಲ್ಲಿ ಅದು ನಮ್ಮದೇ, ಆದರೆ ಹುಟ್ಟಿನಲ್ಲಿ ಅಲ್ಲ. ಕನ್ನಡ ದ್ರಾವಿಡ ಭಾಷೆ. ‘ಪ್ರಿಯ’ ನಮಗೆ ಸಂಸ್ಕೃತದಿಂದ ಬಂದ ಪದ. ಹಾಗಾಗಿ ಇಂಗ್ಲಿಷಿನ ಜೊತೆ ರಕ್ತಸಂಬಂಧ ಇರುವುದು ಸಂಸ್ಕೃತಕ್ಕೆ.

ಸದ್ದು ಒಂದೇ ಥರ ಇದೆ ಅಂತ ಅನುಮಾನಪಟ್ಟಿದ್ದು ಒಳ್ಳೆಯದೇ ಆಯಿತು. ಸದ್ದನ್ನು ನಂಬಿ ಕೆಟ್ಟವರು ಬಹಳ ಜನ. ‘ಬದ್‌ಮಾಷ್’, ‘ಬದ್‌ನಾಮ್’ ಪದಗಳಲ್ಲಿ ಇರುವ ಪಾರ್ಸಿಯ ‘ಬದ್’ ಅಂದರೆ ಕೆಟ್ಟ. ಇಂಗ್ಲಿಷಿನ ‘ಬ್ಯಾಡ್’ ಅಂದರೂ ಕೆಟ್ಟ. ಸದ್ದೂ ಒಂದೇ, ಅರ್ಥವೂ ಒಂದೇ. ಸಂಬಂಧ ಮಾತ್ರ ಸೊನ್ನೆ. ಪಾರ್ಸಿ ಪದದ ಹಳೆಯ ರೂಪ ‘ವದ್’. ಹಿಂದಕ್ಕೆ ಹೋದಷ್ಟೂ ಎರಡೂ ದೂರ ಸರಿಯುತ್ತವೆ. ನಮ್ಮಲ್ಲೇ ನೋಡಿ, ಹಳಗನ್ನಡದ ‘ಪಿರಿಯ’ ಕಿವಿಗೆ ‘ಪ್ರಿಯ’ದ ತದ್ಭವದ ಹಾಗೆ ಕೇಳುತ್ತದೆ. ಆದರೆ ಅದು ಇವತ್ತಿನ ‘ಹಿರಿಯ’. ತಮಿಳಿನ ‘ಪೆರಿಯ’ದ ನೆಂಟ. ಪ್ರೀತಿಗೂ ಅದಕ್ಕೂ ಏನೂ ಇಲ್ಲ.

ಹಾಗಾದರೆ ‘ಫ್ರೀ’ ವಿಷಯದಲ್ಲಿ ಧೈರ್ಯ ಎಲ್ಲಿಂದ ಬಂತು? ಒಂದು ಜೋಡಿಯಿಂದ ಅಲ್ಲ, ಜೋಡಿಗಳ ಸಾಲಿನಿಂದ. ಸಂಸ್ಕೃತದಲ್ಲಿ ಪದದ ಮೊದಲಿಗೆ ‘ಪ’ ಇದ್ದ ಕಡೆ ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಶ್ ಥರದ ಜರ್ಮಾನಿಕ್ ಭಾಷೆಗಳಲ್ಲಿ ‘ಫ’ ಬರುತ್ತದೆ. ಪಿತೃ–ಫಾದರ್. ಪಾದ–ಫುಟ್. ಪೂರ್ಣ–ಫುಲ್. ಪಂಚ–ಫೈವ್. ಪಶು–ಫೀ. ಕೊನೆಯದು ನಗು ತರಿಸಬಹುದು, ಆದರೆ ಹಳೆಯ ಇಂಗ್ಲಿಷಿನಲ್ಲಿ ‘ಫೇಓಹ್’ ಅಂದರೆ ದನಕರು, ಆಸ್ತಿ. ಜರ್ಮನ್ನಿನಲ್ಲಿ ಇವತ್ತಿಗೂ ‘ಫೀ’ ಅಂದರೆ ಜಾನುವಾರು. ಇದನ್ನು ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ ಗುರುತಿಸಿದರು. ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಕ್ರಮವಾಗಿ ಜೋಡಿಸಿಟ್ಟರು. ಜನಪದ ಕಥೆಗಳ ಗ್ರಿಮ್ ಸಹೋದರರಲ್ಲಿ ಅಣ್ಣ ಇವರೇ. ಹೆಸರು ಅವರಿಗೇ ಅಂಟಿಕೊಂಡು ‘ಗ್ರಿಮ್ ನಿಯಮ’ ಆಯಿತು.

ಕನ್ನಡ ಓದುಗರಿಗೆ ಇಂಥ ಬದಲಾವಣೆ ಹೊಸದೇನಲ್ಲ. ಪಾಲು ಹಾಲಾಯಿತು, ಪತ್ತು ಹತ್ತಾಯಿತು, ಪೂ ಹೂವಾಯಿತು. ಎಲ್ಲೋ ಒಂದೆರಡು ಪದದಲ್ಲಿ ಆಗಿದ್ದಲ್ಲ, ಭಾಷೆಯ ಉದ್ದಕ್ಕೂ ಆಯಿತು. ಅದಕ್ಕೊಂದು ಮಿತಿಯೂ ಇತ್ತು. ಒತ್ತಕ್ಷರದ ‘ಪ್ಪ’ ಅಲುಗಲಿಲ್ಲ: ಅಪ್ಪ, ಉಪ್ಪು, ತುಪ್ಪ ಹಾಗೇ ಉಳಿದವು. ಜರ್ಮಾನಿಕ್‌ನಲ್ಲೂ ಇಂಥ ಮಿತಿ ಇದೆ. ‘ಸ’ ಹಿಂದೆ ಬಂದರೆ ‘ಪ’ ಬದಲಾಗುವುದಿಲ್ಲ. ಸಂಸ್ಕೃತದ ‘ಸ್ಪಶ’ ಅಂದರೆ ಗೂಢಚಾರ, ಜರ್ಮನ್ನಿನ ‘ಶ್ಪೇಯೆನ್’ ಅಂದರೆ ಇಣುಕಿ ನೋಡುವುದು. ಅಲ್ಲಿ ‘ಪ’ ಗಟ್ಟಿಯಾಗಿ ಕೂತಿದೆ. ನಿಯಮಕ್ಕೆ ಹೊರತು ಇರುವ ಕಡೆಯೂ ಒಂದು ನಿಯಮ ಸಿಕ್ಕರೆ ನಂಬಿಕೆ ಜಾಸ್ತಿಯಾಗುತ್ತದೆ, ಅಲ್ವಾ?

ಈಗ ನಕ್ಷತ್ರದ ವಿಷಯ. ಪದದ ಹಿಂದೆ * ಹಾಕಿದರೆ ‘ಇದು ಎಲ್ಲೂ ಬರೆದು ಸಿಕ್ಕಿಲ್ಲ, ಲೆಕ್ಕ ಹಾಕಿ ತೆಗೆದದ್ದು’ ಅಂತ ಅರ್ಥ. 19ನೇ ಶತಮಾನದಲ್ಲಿ ಜರ್ಮನಿಯ ಭಾಷಾ ವಿದ್ವಾಂಸ ಔಗುಸ್ಟ್ ಶ್ಲೈಶರ್ ಈ ರೂಢಿಯನ್ನು ನೆಲೆಗೊಳಿಸಿದರು. ನಮ್ಮ ಪದಕ್ಕೆ ಎರಡು ನಕ್ಷತ್ರದ ರೂಪಗಳಿವೆ. ಜರ್ಮಾನಿಕ್ ಭಾಷೆಗಳೆಲ್ಲ ಇನ್ನೂ ಒಂದಾಗಿದ್ದಾಗ, ಅಂದರೆ ಸುಮಾರು ಕ್ರಿ.ಪೂ. 500ರ ಹೊತ್ತಿಗೆ, *ಫ್ರಿಯಜ಼್. ಅದಕ್ಕೂ ಹಿಂದೆ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲದರ ತಾಯಿಯಾದ ಇಂಡೋ-ಯುರೋಪಿಯನ್‌ನಲ್ಲಿ *ಪ್ರಿಹ್-ಒಸ್.

ಆ ನಡುವಿನ ‘ಹ್’ ಎಲ್ಲಿಂದ ಬಂತು ಅಂತ ಕೇಳಬೇಕು ನೀವು. ಸಂಸ್ಕೃತದಲ್ಲೂ ಇಲ್ಲ, ಜರ್ಮಾನಿಕ್‌ನಲ್ಲೂ ಇಲ್ಲ. ನಿಮಗೆ ಗೊತ್ತಿರುವ ಎರಡು ಪದ ತೆಗೆದುಕೊಳ್ಳಿ: ‘ಪ್ರಿಯ’ ಮತ್ತು ‘ಪ್ರೀತಿ’. ಧಾತು ಒಂದೇ. ಆದರೆ ಒಂದರಲ್ಲಿ ಹ್ರಸ್ವ ‘ಇ’, ಇನ್ನೊಂದರಲ್ಲಿ ದೀರ್ಘ ‘ಈ’. ಯಾಕೆ? ಧಾತುವಿನ ಕೊನೆಯಲ್ಲಿ ಒಂದು ವ್ಯಂಜನ ಇತ್ತು, ಆಮೇಲೆ ಅಳಿದುಹೋಯಿತು ಅಂದುಕೊಳ್ಳಿ. ಮುಂದೆ ವ್ಯಂಜನ ಬಂದ ಕಡೆ ಅದು ಅಳಿಯುವಾಗ ಹಿಂದಿನ ಸ್ವರವನ್ನು ಉದ್ದ ಮಾಡಿತು. ಪ್ರಿಹ್-ತಿ ಪ್ರೀತಿಯಾಯಿತು. ಮುಂದೆ ಸ್ವರ ಬಂದ ಕಡೆ ಸುಮ್ಮನೆ ಜಾರಿತು, ಆ ಜಾಗದಲ್ಲಿ ‘ಯ’ ಕೂತಿತು. ಪ್ರಿಹ್-ಅ ಪ್ರಿಯವಾಯಿತು. ಇದೊಂದೇ ಧಾತುವಾಗಿದ್ದರೆ ಊಹೆ ಅನ್ನಬಹುದಿತ್ತು. ಆದರೆ ಹತ್ತಾರು ಧಾತುಗಳು ಇದೇ ಆಟ ಆಡುತ್ತವೆ.

ಇಂಥ ಕಳೆದುಹೋದ ಧ್ವನಿಗಳು ಇದ್ದಿರಲೇಬೇಕು ಅಂತ ಸ್ವಿಟ್ಜರ್‌ಲೆಂಡಿನ ಭಾಷಾ ವಿದ್ವಾಂಸ ಫರ್ಡಿನಂಡ್ ಡಿ ಸೊಸ್ಯೂರ್ ಲೆಕ್ಕ ಹಾಕಿದಾಗ ಅವರಿಗೆ 21 ವರ್ಷ. ಆ ಪುಸ್ತಕದ ಮೇಲಿನ ಇಸವಿ 1879. ಆಗ ಹಲವರು ನಂಬಲಿಲ್ಲ. ಟರ್ಕಿಯ ನೆಲದಲ್ಲಿ ಸಿಕ್ಕ ಹಿಟ್ಟೈಟ್ ಜೇಡಿಮಣ್ಣಿನ ಹಲಗೆಗಳನ್ನು 1915ರ ಹೊತ್ತಿಗೆ ಓದಲು ಸಾಧ್ಯವಾಯಿತು. ಹಿಟ್ಟೈಟ್ ಕೂಡ ಇಂಡೋ-ಯುರೋಪಿಯನ್ ಮನೆತನದ ಹಳೆಯ ಭಾಷೆಯೇ. 1927ರಲ್ಲಿ ಪೋಲೆಂಡಿನ ಯೆರ್ಜಿ ಕುರಿಲೋವಿಚ್ ಒಂದು ಸಂಗತಿ ತೋರಿಸಿದರು: ಸೊಸ್ಯೂರ್ ಲೆಕ್ಕ ಹಾಕಿದ ಜಾಗಗಳಲ್ಲೇ ಹಿಟ್ಟೈಟ್‌ನಲ್ಲಿ ‘ಹ್’ ಥರದ ವ್ಯಂಜನ ಬರೆದಿದ್ದಾರೆ. ನಕ್ಷತ್ರದ ರೂಪಗಳನ್ನು ನಂಬುವುದು ಹೇಗೆ ಅಂತ ಕೇಳಿದಿರಲ್ಲ, ನನ್ನ ಉತ್ತರ ಇದೇ. ಅವು ಊಹೆಗಳೇ, ಆದರೆ ಪರೀಕ್ಷೆಗೆ ಕೂತು ಪಾಸಾಗಿರುವ ಊಹೆಗಳು. ಐದು ಸಾವಿರ ವರ್ಷದ ಹಿಂದೆ ಜನ ಹೀಗೇ ಉಚ್ಚರಿಸುತ್ತಿದ್ದರು ಅಂತ ಯಾರಾದರೂ ಆಣೆ ಮಾಡಿದರೆ ಮಾತ್ರ ನಂಬಬೇಡಿ.

ಜರ್ಮಾನಿಕ್ ಕಡೆಯ ರೂಪಗಳನ್ನು ಬೇಗ ಮುಗಿಸುತ್ತೇನೆ. ಈಗ ಅಳಿದುಹೋಗಿರುವ ಹಳೆಯ ಜರ್ಮಾನಿಕ್ ಭಾಷೆ ಗಾಥಿಕ್‌ನಲ್ಲಿ ‘ಫ್ರೀಸ್’, ಹಳೆಯ ಇಂಗ್ಲಿಷಿನಲ್ಲಿ ‘ಫ್ರೇಓ’, ಹಳೆಯ ಹೈ ಜರ್ಮನ್ನಿನಲ್ಲಿ ‘ಫ್ರೀ’. ಜರ್ಮನ್ನಿನ ದೀರ್ಘ ‘ಈ’ ಮುಂದೆ ‘ಐ’ ಆಗಿ ಇವತ್ತಿನ ‘ಫ್ರೈ’ ಬಂತು. ಇಂಗ್ಲಿಷಿನ ‘ಫ್ರೇಓ’ ಮೊದಲು ‘ಫ್ರೇ’ ಆಗಿ, ಸ್ವರಗಳ ದೊಡ್ಡ ಪಲ್ಲಟದಲ್ಲಿ, ಅಂದರೆ ಇಂಗ್ಲಿಷಿನ ದೀರ್ಘ ಸ್ವರಗಳ ಉಚ್ಚಾರವೆಲ್ಲ ಬದಲಾದಾಗ, ‘ಫ್ರೀ’ ಆಯಿತು. ಅಂದರೆ ಇವತ್ತಿನ ಇಂಗ್ಲಿಷ್ ‘ಫ್ರೀ’ ಪ್ರಿಯಕ್ಕೆ ಇಷ್ಟು ಹತ್ತಿರ ಕೇಳಿಸುವುದು ಅರ್ಧ ಕಾಕತಾಳೀಯ. ಈ ಪಲ್ಲಟಕ್ಕೆ ಮುಂಚೆ, 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಕಾಲದಲ್ಲಿ ಕೇಳಿದ್ದರೆ ನಿಮಗೆ ಈ ಪ್ರಶ್ನೆಯೇ ಹೊಳೆಯುತ್ತಿರಲಿಲ್ಲವೇನೋ.

ಈಗ ಅಸಲು ವಿಷಯಕ್ಕೆ ಬರೋಣ. ಸದ್ದು ಹೊಂದಿತು. ಆದರೆ ‘ಅಚ್ಚುಮೆಚ್ಚಿನ’ ಅನ್ನುವ ಪದ ‘ಸ್ವತಂತ್ರ’ ಆಗಿದ್ದು ಹೇಗೆ?

ಮೊದಲನೆಯದಾಗಿ, ಜರ್ಮಾನಿಕ್ ಭಾಷೆಗಳು ಹಳೆಯ ಅರ್ಥವನ್ನು ಪೂರ್ತಿ ಮರೆತಿರಲಿಲ್ಲ. ಗುಣವಾಚಕ ಮಾತ್ರ ‘ಸ್ವತಂತ್ರ’ ಕಡೆ ವಾಲಿತು. ಮನೆಯ ಉಳಿದವರೆಲ್ಲ ಪ್ರೀತಿಯ ಕಡೆಯೇ ಉಳಿದರು. ಗಾಥಿಕ್‌ನಲ್ಲಿ ‘ಫ್ರಿಯೋನ್’ ಅಂದರೆ ಪ್ರೀತಿಸು. ಪ್ರೀತಿಸುವವನು ‘ಫ್ರಿಯೋಂಡ್ಸ್’. ಇಂಗ್ಲಿಷಿನ ‘ಫ್ರೆಂಡ್’, ಜರ್ಮನ್ನಿನ ‘ಫ್ರಾಯಿಂಡ್’ ಇದೇ. ಹಳೆಯ ಸ್ಯಾಕ್ಸನ್ನಿನಲ್ಲಿ ‘ಫ್ರೀ’ ಅನ್ನುವ ನಾಮಪದಕ್ಕೆ ಹೆಂಗಸು, ಹೆಂಡತಿ ಅಂತ ಅರ್ಥ. ಸಂಸ್ಕೃತದ ‘ಪ್ರಿಯಾ’ ಪಕ್ಕದಲ್ಲಿ ಇಟ್ಟು ನೋಡಿ. ಜರ್ಮನ್ನಿನ ‘ಫ್ರೈಯೆನ್’ ಅಂದರೆ ಹೆಣ್ಣು ಕೇಳುವುದು, ಮದುವೆಯಾಗುವುದು. ಈಗ ಅದು ಹಳೇ ಕಾಲದ ಮಾತಿನ ಹಾಗೆ ಕೇಳುತ್ತದೆ.

ಇದನ್ನು ಒಂದೇ ಪುಟದಲ್ಲಿ ನೋಡುವ ಅವಕಾಶವೂ ಇದೆ. 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲ್ಲನ್ನು ಗಾಥಿಕ್‌ಗೆ ತಂದರು. ಆ ಅನುವಾದದ ಮುಖ್ಯ ಪ್ರತಿ 6ನೇ ಶತಮಾನದ್ದು. ನೇರಳೆ ಬಣ್ಣದ ತೊಗಲಿನ ಮೇಲೆ ಬೆಳ್ಳಿ ಶಾಯಿಯಲ್ಲಿ ಬರೆದದ್ದು. ಈಗ ಸ್ವೀಡನ್ನಿನ ಉಪ್ಸಲದಲ್ಲಿದೆ. ಯೋಹಾನನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ‘ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವುದು’ ಅನ್ನುವ ಮಾತು ಬರುತ್ತದಲ್ಲ, 32ನೇ ವಚನ, ಅಲ್ಲಿ ವುಲ್ಫಿಲನ ಪದ ‘ಫ್ರಿಯನ್ಸ್’: ಸ್ವತಂತ್ರರು. ಹತ್ತು ವಚನ ಕೆಳಗೆ ಇಳಿಯಿರಿ. 42ರಲ್ಲಿ ‘ದೇವರು ನಿಮ್ಮ ತಂದೆಯಾಗಿದ್ದರೆ ನೀವು ನನ್ನನ್ನು ಪ್ರೀತಿಸುತ್ತಿದ್ದಿರಿ’ ಅಂತಿದೆ. ಅಲ್ಲಿನ ಕ್ರಿಯಾಪದ ‘ಫ್ರಿಯೊದೇದೀಥ್’. ಗ್ರೀಕ್ ಮೂಲದಲ್ಲಿ ಈ ಎರಡು ಪದಗಳಿಗೆ ಏನೇನೂ ಸಂಬಂಧವಿಲ್ಲ. ಗಾಥಿಕ್‌ನಲ್ಲಿ ಇವು ಅಕ್ಕತಂಗಿಯರು.

ಹಳೆಯ ಇಂಗ್ಲಿಷ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ‘ಫ್ರೇಓಗನ್’ ಅನ್ನುವ ಒಂದೇ ಕ್ರಿಯಾಪದಕ್ಕೆ ‘ಬಿಡುಗಡೆ ಮಾಡು’ ಅಂತಲೂ ‘ಪ್ರೀತಿಸು’ ಅಂತಲೂ ಎರಡು ಅರ್ಥ. ‘ಬೇಓವುಲ್ಫ್’ ಕಾವ್ಯದಲ್ಲಿ, ರಾಕ್ಷಸ ಗ್ರೆಂಡೆಲ್ ಸೋತ ಮೇಲೆ ಮುದಿ ರಾಜ ಹ್ರೋಥ್‌ಗಾರ್ ನಾಯಕನಿಗೆ ಹೇಳುತ್ತಾನೆ: ನಿನ್ನನ್ನು ಮಗನೆಂದೇ ಮನಸ್ಸಿನಲ್ಲಿ ಪ್ರೀತಿಸುತ್ತೇನೆ, ಈ ಹೊಸ ಬಂಧುತ್ವವನ್ನು ಚೆನ್ನಾಗಿ ಉಳಿಸಿಕೊ. ‘ಪ್ರೀತಿಸುತ್ತೇನೆ’ ಅನ್ನುವ ಕಡೆ ಇರುವುದು ಇದೇ ಕ್ರಿಯಾಪದ. ಅದರ ಜೊತೆಗೆ ಬಂದಿರುವ ಪದಗಳನ್ನು ಗಮನಿಸಿ. ಮಗ. ಬಂಧುತ್ವ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಬೀಗದ ಕೈ ಇಲ್ಲೇ ಇದೆ.

ಹಳೆಯ ಕಾಲದ ಒಂದು ದೊಡ್ಡ ಮನೆಯಲ್ಲಿ ಎರಡು ಥರದ ಜನ ಇರುತ್ತಿದ್ದರು. ಮನೆಯಲ್ಲಿ ಹುಟ್ಟಿದವರು, ಹೊರಗಿನಿಂದ ಹಿಡಿದು ತಂದ ಅಥವಾ ಕೊಂಡ ಆಳುಗಳು. ಮೊದಲನೆಯವರು ‘ನಮ್ಮವರು’. ಅವರೇ ಪ್ರಿಯರು. ಎರಡನೆಯವರು ಅಲ್ಲ. ಒಂದು ಕಾಲಕ್ಕೆ ‘ನಮ್ಮವನು’ ಅಂದರೆ ಸಾಕಾಗುತ್ತಿತ್ತು, ‘ಆಳಲ್ಲ’ ಅನ್ನುವುದು ಅದರೊಳಗೇ ಇತ್ತು. ನಿಧಾನಕ್ಕೆ ಆ ಒಳಗಿನ ಅರ್ಥವೇ ಮುಂದೆ ಬಂತು. ಫ್ರಾನ್ಸಿನ ಎಮಿಲ್ ಬೆನ್‌ವೆನಿಸ್ತ್ 1969ರಲ್ಲಿ ಇದನ್ನು ವಿಸ್ತಾರವಾಗಿ ವಾದಿಸಿದರು. ಮೂಲ ಪದದಲ್ಲಿ ಎದೆಯ ಮಿಡಿತಕ್ಕಿಂತ ‘ತನ್ನದು, ತನಗೆ ಸೇರಿದ್ದು’ ಅನ್ನುವುದೇ ಜಾಸ್ತಿ ಅಂತ ಅವರ ಮಾತು. ನನಗೆ ಇದು ಒಪ್ಪಿಗೆ.

ಪಕ್ಕದ ಭಾಷೆಗಳು ಇದಕ್ಕೆ ಸಾಕ್ಷಿ ಹೇಳುತ್ತವೆ. ಲ್ಯಾಟಿನ್ನಿನಲ್ಲಿ ‘ಲೀಬೆರ್’ ಅಂದರೆ ಸ್ವತಂತ್ರ, ಅದರ ಬಹುವಚನ ‘ಲೀಬೆರಿ’ ಅಂದರೆ ಮಕ್ಕಳು. ಮನೆಯ ಮಕ್ಕಳು, ಆಳುಗಳ ಮಕ್ಕಳಲ್ಲ. ರಷ್ಯನ್ನಿನ ‘ಸ್ವಬೋದ’, ಸ್ವಾತಂತ್ರ್ಯ, ಹುಟ್ಟಿದ್ದು ‘ತನ್ನ’ ಅನ್ನುವ ಬೇರಿನಿಂದ. ಸಂಸ್ಕೃತದ ‘ಸ್ವ’ ಕೂಡ ಅದೇ. ಐಸ್‌ಲ್ಯಾಂಡಿನಲ್ಲಿ ‘ಫ್ರೆಂಡ್’ನ ಸೋದರ ಪದಕ್ಕೆ ಗೆಳೆಯ ಅನ್ನುವ ಅರ್ಥವೇ ಇಲ್ಲ. ಅಲ್ಲಿ ‘ಫ್ರೈಂಡಿ’ ಅಂದರೆ ನೆಂಟ. ಫ್ರಾಂಕ್ ಅನ್ನುವ ಬುಡಕಟ್ಟಿನ ಹೆಸರು ಗಾಲ್ ದೇಶದಲ್ಲಿ, ಅಂದರೆ ಇವತ್ತಿನ ಫ್ರಾನ್ಸಿನ ಕಡೆ, ‘ಸ್ವತಂತ್ರ’ ಅನ್ನುವ ಅರ್ಥ ಪಡೆಯಿತು, ಯಾಕೆಂದರೆ ಅಲ್ಲಿ ಆಳುವ ಬಳಗ ಅವರದು. ಇವತ್ತು ನಾವು ಸ್ವಾತಂತ್ರ್ಯ ಅಂದರೆ ಯಾರ ಹಂಗೂ ಇಲ್ಲದಿರುವುದು ಅಂದುಕೊಳ್ಳುತ್ತೇವೆ. ಈ ಪದಗಳನ್ನು ಕಟ್ಟಿದ ಜನರಿಗೆ ಹಂಗಿಲ್ಲದವನು, ದಿಕ್ಕಿಲ್ಲದವನು ಸುಲಭವಾಗಿ ಗುಲಾಮನಾಗುವವನು. ಬಳಗ ಇದ್ದವನೇ ಸ್ವತಂತ್ರ.

ಜರ್ಮಾನಿಕ್ ಜನರ ಮನೆ ಹೇಗಿತ್ತು ಅನ್ನುವುದಕ್ಕೆ ರೋಮನ್ ಇತಿಹಾಸಕಾರ ಟಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದದ್ದು ಇದೆ. ಒಡೆಯನ ಮಗ, ಆಳಿನ ಮಗ ಇಬ್ಬರೂ ಒಂದೇ ದನಗಳ ನಡುವೆ, ಒಂದೇ ನೆಲದ ಮೇಲೆ ಬೆಳೆಯುತ್ತಾರೆ, ವಯಸ್ಸಿಗೆ ಬಂದ ಮೇಲೆ ಬೇರೆಯಾಗುತ್ತಾರೆ ಅನ್ನುತ್ತಾನೆ. ದಾಳದ ಹುಚ್ಚಿನ ಬಗ್ಗೆಯೂ ಹೇಳುತ್ತಾನೆ. ಎಲ್ಲ ಸೋತ ಮೇಲೆ ಕೊನೆಯ ಎಸೆತಕ್ಕೆ ತಮ್ಮ ಸ್ವಾತಂತ್ರ್ಯವನ್ನೇ ಪಣ ಇಡುತ್ತಿದ್ದರಂತೆ, ಸೋತವನು ಗಟ್ಟಿಮುಟ್ಟಾದ ಯುವಕನಾಗಿದ್ದರೂ ಸುಮ್ಮನೆ ಕೈಕಟ್ಟಿಸಿಕೊಂಡು ಮಾರಾಟಕ್ಕೆ ಹೋಗುತ್ತಿದ್ದನಂತೆ. ಧರ್ಮರಾಯನ ಸಭಾಪರ್ವ ಓದಿದವರಿಗೆ ಇದು ವಿಚಿತ್ರ ಅನ್ನಿಸಲಾರದು. ಟಾಸಿಟಸ್ ರೋಮನ್ನರಿಗೆ ಬುದ್ಧಿ ಹೇಳಲು ಬರೆದವನು, ಹಾಗಾಗಿ ಅವನ ಮಾತನ್ನು ಸ್ವಲ್ಪ ತೂಗಿಯೇ ತೆಗೆದುಕೊಳ್ಳಬೇಕು.

ಐದು ಶತಮಾನದ ಆಮೇಲೆ ಪದ ಕಾನೂನಿನ ಭಾಷೆಯಾಗಿ ಗಟ್ಟಿಯಾಗಿತ್ತು. ಇಂಗ್ಲೆಂಡಿನ ಕೆಂಟ್ ಸೀಮೆಯ ರಾಜ ಎಥೆಲ್‌ಬೆರ್ಟ್ ಕ್ರಿ.ಶ. 600ರ ಸುಮಾರಿಗೆ ಮಾಡಿದ ಕಟ್ಟಳೆಗಳು ಇಂಗ್ಲಿಷಿನ ಅತಿ ಹಳೆಯ ಕಾನೂನು. ಅಲ್ಲಿ ಸ್ವತಂತ್ರ ಗಂಡಸು ‘ಫ್ರೀಮನ್’. ಅವನು ರಾಜನ ಸ್ವತ್ತು ಕದ್ದರೆ ಒಂಬತ್ತು ಪಟ್ಟು ಕೊಡಬೇಕು, ಇನ್ನೊಬ್ಬ ಸ್ವತಂತ್ರನದ್ದು ಕದ್ದರೆ ಮೂರು ಪಟ್ಟು. ಅಲ್ಲೊಂದು ಕಡೆ ‘ಫ್ರೀವೀಫ್ ಲೋಕ್‌ಬೋರೆ’ ಅಂತ ಬರುತ್ತದೆ. ಮೊದಲ ಪದ ಸ್ವತಂತ್ರ ಹೆಂಗಸು. ಎರಡನೆಯದು ‘ಬೀಗದ ಕೈ ಹೊತ್ತವಳು’ ಎಂದೋ ‘ಉದ್ದ ಜಡೆಯವಳು’ ಎಂದೋ ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ.

ನಾರ್ಡಿಕ್ ದೇಶಗಳು ಇನ್ನೊಂದು ದಾರಿ ಹಿಡಿದವು. ಹಳೆಯ ನಾರ್ಸ್‌ನಲ್ಲಿ ಸ್ವತಂತ್ರ ಅನ್ನುವುದಕ್ಕೆ ‘ಫ್ರ್ಯಾಲ್ಸ್’. ಬಿಡಿಸಿದರೆ ಫ್ರೀ-ಹಲ್ಸ್. ‘ಹಲ್ಸ್’ ಅಂದರೆ ಕತ್ತು. ಕತ್ತು ಬಿಡುವಾಗಿರುವವನು. ಗಾಥಿಕ್‌ನಲ್ಲೂ ಸ್ವಾತಂತ್ರ್ಯಕ್ಕೆ ‘ಫ್ರೀಹಲ್ಸ್’ ಎಂದೇ ಇದೆ. ಗುಲಾಮರ ಕೊರಳ ಪಟ್ಟಿ ಇದರ ಹಿಂದೆ ಇರಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸ್ವೀಡನ್ನಿನಲ್ಲಿ ಇದೇ ಪದದಿಂದ ‘ಫ್ರೆಲ್ಸೆ’ ಬಂತು. 1280ರ ಸುಮಾರಿನ ಅಲ್ಸ್ನೋ ಕಟ್ಟಳೆಯ ಪ್ರಕಾರ, ಕುದುರೆ ಸಮೇತ ರಾಜನ ದಂಡಿಗೆ ಬರುವವನಿಗೆ ಕಂದಾಯ ಮಾಫಿ. ಆ ಮಾಫಿ ಪಡೆದ ವರ್ಗವೇ ಫ್ರೆಲ್ಸೆ, ಅಂದರೆ ಅಲ್ಲಿನ ಶ್ರೀಮಂತವರ್ಗ. ಇವತ್ತು ಸ್ವೀಡಿಶ್‌ನಲ್ಲಿ ಬಳಸುವ ‘ಫ್ರೀ’ ಮಾತ್ರ ಆಮೇಲೆ ಉತ್ತರ ಜರ್ಮನಿಯ ವ್ಯಾಪಾರಿಗಳ ಭಾಷೆಯಿಂದ ಬಂದದ್ದು.

ಇನ್ನು ತಕರಾರಿನ ವಿಷಯ. ‘ಪ್ರಿಯ’ದಿಂದ ‘ಸ್ವತಂತ್ರ’ಕ್ಕೆ ಜಿಗಿದವರು ಜರ್ಮಾನಿಕ್ ಜನರೊಬ್ಬರೇ ಅಲ್ಲ. ಬ್ರಿಟನ್ನಿನ ವೆಲ್ಶ್ ಭಾಷೆಯಲ್ಲಿ ‘ರ್ಹೀದ್’ ಅಂದರೆ ಸ್ವತಂತ್ರ. ಅದೂ ಇದೇ *ಪ್ರಿಹ್-ಒಸ್. ವೆಲ್ಶ್ ಸೇರಿರುವ ಕೆಲ್ಟಿಕ್ ಕುಟುಂಬದಲ್ಲಿ ಮೊದಲಿನ ‘ಪ’ ಪೂರ್ತಿ ಬಿದ್ದುಹೋಗುತ್ತದೆ, ಹಾಗಾಗಿ ‘ರ’ದಿಂದ ಶುರು. ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ಈ ಅರ್ಥ ಇರುವುದು ಈ ಎರಡು ನೆರೆಹೊರೆ ಕುಟುಂಬಗಳಲ್ಲಿ ಮಾತ್ರ. ಸಂಸ್ಕೃತ, ಹಳೆಯ ಇರಾನಿನ ಅವೆಸ್ತಾ, ರಷ್ಯನ್ ಸೇರಿರುವ ಸ್ಲಾವಿಕ್ ಎಲ್ಲ ಕಡೆ ಪ್ರೀತಿ, ಗೆಳೆತನ ಅಷ್ಟೇ. ಹಾಗಾದರೆ ಯಾರು ಯಾರಿಂದ ಕಲಿತರು?

ರಾಜಕೀಯದ ಪದಗಳನ್ನು ಜರ್ಮಾನಿಕ್ ಜನ ಕೆಲ್ಟರಿಂದ ಎರವಲು ಪಡೆದದ್ದು ಗೊತ್ತೇ ಇದೆ. ಗಾಥಿಕ್‌ನ ‘ರೀಕ್ಸ್’, ಅಂದರೆ ಅಧಿಪತಿ, ಕೆಲ್ಟಿಕ್ ಎರವಲು. ಜರ್ಮನ್ನಿನ ‘ರೈಶ್’ ಕೂಡ ಅದೇ ದಾರಿಯಲ್ಲಿ ಬಂದದ್ದು. ಅದಕ್ಕೇ ಕೆಲವರು ಸ್ವಾತಂತ್ರ್ಯದ ಅರ್ಥವೂ ಆ ಕಡೆಯಿಂದಲೇ ಬಂದಿರಬೇಕು ಅನ್ನುತ್ತಾರೆ. ಪದದ ರೂಪ ಖಂಡಿತ ಎರವಲಲ್ಲ. ‘ಪ’ ಬಿದ್ದ ಮೇಲೆ ಎರವಲು ಪಡೆದಿದ್ದರೆ ಜರ್ಮಾನಿಕ್‌ನಲ್ಲಿ ‘ಫ’ ಹುಟ್ಟಲು ಜಾಗವೇ ಇರಲಿಲ್ಲ. ಅರ್ಥವೊಂದೇ ಗಡಿ ದಾಟಿರಬಹುದು. ಅಥವಾ ಒಂದೇ ಥರದ ಮನೆ, ಒಂದೇ ಥರದ ಆಳುಗಳು ಇದ್ದ ಎರಡು ಸಮಾಜಗಳು ಒಟ್ಟಿಗೆ ಆ ಅರ್ಥಕ್ಕೆ ಬಂದಿರಬಹುದು. ನನ್ನ ಒಲವು ಎರಡನೆಯದಕ್ಕೆ. ಅಕ್ಕಪಕ್ಕ ಬದುಕಿದವರಲ್ಲಿ ಕೊಟ್ಟವನು ಯಾರು, ಪಡೆದವನು ಯಾರು ಅಂತ ಬಿಡಿಸುವುದು ಸುಲಭವಲ್ಲ.

‘ಒಂದು ಕೊಂಡರೆ ಒಂದು ಫ್ರೀ’ಯ ಫ್ರೀ ಇದರಲ್ಲೆಲ್ಲ ಕಿರಿಯ ಕೂಸು. ಕಟ್ಟುಪಾಡು ಇಲ್ಲದ್ದು, ಸುಂಕ ಇಲ್ಲದ್ದು, ಕೊನೆಗೆ ಬೆಲೆ ಇಲ್ಲದ್ದು. ಅಷ್ಟೇ ಕಥೆ.

ಉಳಿದದ್ದು ಫ್ರೈಡೇ. ಹೌದು, ಅದೂ ಇದೇ ಮನೆತನದ್ದು. ರೋಮನ್ನರ ವಾರವನ್ನು ಜರ್ಮಾನಿಕ್ ಜನ ತಮ್ಮದಾಗಿಸಿಕೊಂಡಾಗ ದೇವತೆಗಳ ಹೆಸರು ಬದಲಿಸಿದರು. ವೀನಸ್ಸಿನ ದಿನಕ್ಕೆ ಫ್ರಿಗ್ ದೇವತೆಯ ಹೆಸರು ಬಂತು. ನಮ್ಮ ಶುಕ್ರವಾರದ ಶುಕ್ರನೂ ಅದೇ ಗ್ರಹ. ಫ್ರಿಗ್ ಓಡಿನ್ ದೇವರ ಹೆಂಡತಿ. ಹೆಸರಿನ ಮೂಲಾರ್ಥ ‘ಪ್ರಿಯೆ’. ಇಲ್ಲಿ ಒಂದು ಎಚ್ಚರ: ಫ್ರೇಯಾ ಅನ್ನುವ ಇನ್ನೊಬ್ಬ ದೇವತೆ ಇದ್ದಾಳೆ, ಫ್ರೈಡೇ ಅವಳದು ಅಂತ ಬಹಳ ಕಡೆ ಬರೆದಿರುತ್ತಾರೆ. ಅವಳ ಹೆಸರಿನ ಅರ್ಥ ‘ಒಡತಿ’. ಜರ್ಮನ್ನಿನ ‘ಫ್ರಾವ್’ ಅವಳ ಕಡೆಯದು, ಬೇರು ಬೇರೆ. ಈ ದೇವತೆಗಳ ಕಥೆಗಳನ್ನೆಲ್ಲ ಬರೆದು ಉಳಿಸಿದ ಐಸ್‌ಲ್ಯಾಂಡಿನಲ್ಲಿ ಮಾತ್ರ ಈ ದಿನದ ಹೆಸರು ಸಿಗುವುದಿಲ್ಲ. ಅಲ್ಲಿನವರು ಹಳೆ ದೇವರ ಹೆಸರುಗಳನ್ನು ವಾರದಿಂದ ತೆಗೆದುಹಾಕಿದರು. ಅಲ್ಲಿ ಫ್ರೈಡೇ ಅಂದರೆ ‘ಫೋಸ್ತುದಾಗುರ್’, ಉಪವಾಸದ ದಿನ.